ಕ್ಯಾಮೆರಾ ಜಾಗದ ಸೀಟು

ನನ್ನ ಗಂಡ ತಿಮ್ಮಯ್ಯನವರು ನೆಲದಿಂದ ಇಪ್ಪತ್ತು ಕಿಲೋಮೀಟರ್ ಎತ್ತರಕ್ಕೆ ಹೋಗಿ ಬಂದವರು ಎನ್ನುವುದನ್ನು ನಮ್ಮ ನೆಂಟರಿಷ್ಟರಲ್ಲಿ ನಂಬದವರು ಯಾರೂ ಇಲ್ಲ. ನಂಬಿಸಿದವಳು ನಾನು. ಅವರು ಅಲ್ಲಿಗೆ ಹೋಗಿಯೇ ಇಲ್ಲ ಎಂದು ಗೊತ್ತಿದ್ದವಳೂ ನಾನೇ. ಹೀಗೆ ಮೂವತ್ತಮೂರು ವರ್ಷ ಸಂಸಾರ ಮಾಡಿದ್ದೇನೆ.

ಮೊದಲು ಆ ವಿಮಾನದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1987ರಲ್ಲಿ ನಾವು ಬರೇಲಿಯ ಏರ್‌ಫೋರ್ಸ್ ಕ್ವಾರ್ಟರ್ಸಿನಲ್ಲಿದ್ದೆವು. ಇವರು ಮಿಗ್-25 ವಿಮಾನಗಳ ಮೀಟರುಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್. ಅದು ಬೇಹುಗಾರಿಕೆಯ ವಿಮಾನ. ಯಾರ ಕೈಗೂ ಸಿಗದಷ್ಟು ಎತ್ತರದಲ್ಲಿ ಹೋಗಿ, ಮೂತಿಯಲ್ಲಿಟ್ಟ ಕ್ಯಾಮೆರಾಗಳಿಂದ ಕೆಳಗಿನ ನೆಲದ ಫೋಟೋ ತೆಗೆದುಕೊಂಡು ಬರುವುದು ಅದರ ಕೆಲಸ. ಒಬ್ಬರೇ ಕೂರುವ ವಿಮಾನ. ಹೊಸ ಪೈಲಟ್‌ಗೆ ಕಲಿಸಬೇಕೆಂದರೆ ಏನು ಮಾಡುವುದು? ಅದಕ್ಕೆಂದೇ ಎರಡು ಸೀಟಿನದು ಬೇರೆ ಇತ್ತು. ಮೂತಿಯಲ್ಲಿದ್ದ ಕ್ಯಾಮೆರಾಗಳನ್ನೆಲ್ಲ ಕಿತ್ತು ಆ ಜಾಗದಲ್ಲಿ ಇನ್ನೊಂದು ಸೀಟು, ಅದಕ್ಕೊಂದು ಬೇರೆಯೇ ಗಾಜಿನ ಮುಚ್ಚಳ. ಮುಂದೆ ಕೂತವನಿಗೆ ಹಿಂದಿನವನು ಕಾಣುವುದಿಲ್ಲ, ಮಾತುಕತೆಯೆಲ್ಲ ತಂತಿಯಲ್ಲಿ. ಇವರಿಗೆ ಆ ವಿಮಾನದ ಮೇಲೆ ಒಂದು ಕೈ ಹೆಚ್ಚೇ ಪ್ರೀತಿ. "ಉಳಿದವು ಫೋಟೋ ತೆಗೀತವೆ, ಇದು ಪಾಠ ಹೇಳ್ಕೊಡುತ್ತೆ" ಎನ್ನುತ್ತಿದ್ದರು. ನನ್ನ ಮುಖಕ್ಕಿಂತ ಅದರ ಮುಖ ಒರೆಸಿದ್ದೇ ಜಾಸ್ತಿ ಎಂದು ನಾನು ರೇಗಿಸುತ್ತಿದ್ದೆ.

ಆ ವರ್ಷ ಮುಂದಿನ ಸೀಟಿನ ಎತ್ತರ ತೋರಿಸುವ ಮೀಟರಿಗೆ ಒಂದು ಕಾಯಿಲೆ ಬಂತು. ಮೇಲೆ ಹೋದಾಗ ಮುಳ್ಳು ನಡುಗುತ್ತದೆ, ಕೆಳಗಿಳಿದರೆ ಏನೂ ಇಲ್ಲ. ಡಾಕ್ಟರ ಮುಂದೆ ಕೂತ ತಕ್ಷಣ ಹಲ್ಲುನೋವು ಮಾಯವಾಗುವ ಹಾಗೆ. ಇವರು ಮೂರು ಸಲ ಬಿಚ್ಚಿ ಜೋಡಿಸಿದರು, ಸಿಗಲಿಲ್ಲ. ಕೊನೆಗೆ ಸ್ಕ್ವಾಡ್ರನ್ ಲೀಡರ್ ಸತ್ಯಪ್ರಕಾಶ್ ಎನ್ನುವವರು, "ನೀನೇ ಬಂದು ಮುಂದೆ ಕೂತು ಕಣ್ಣಾರೆ ನೋಡು" ಎಂದರು. ನೆಲದ ಮೇಲೆ ಕೆಲಸ ಮಾಡುವವನಿಗೆ ಅಂಥ ಸೀಟು ಸಿಗುವುದು ಸಾಮಾನ್ಯದ ಮಾತಲ್ಲ. ಮೆಡಿಕಲ್ ಆಯಿತು, ಅಷ್ಟು ಎತ್ತರಕ್ಕೆ ಹಾಕಲೇಬೇಕಾದ, ಮೈಗೆ ಬಿಗಿಯುವ ಸೂಟಿಗೆ ಅಳತೆಯಾಯಿತು. ಹದಿನೈದು ದಿನ ಇವರ ಕಾಲು ನೆಲಕ್ಕೆ ತಾಗಲಿಲ್ಲ.

ಹಾರುವ ದಿನ ಬೆಳಿಗ್ಗೆ ಐದಕ್ಕೆ ಹೊರಟರು. ಏಳಕ್ಕೆ ನನಗೆ ರಕ್ತ ಕಾಣಿಸಿಕೊಂಡಿತು. ಆಗ ನನಗೆ ಏಳು ತಿಂಗಳು. ಅದಕ್ಕೆ ಮುಂಚೆ ಎರಡು ಸಲ ಬಸಿರು ಇಳಿದು ಹೋಗಿತ್ತು. ಪಕ್ಕದ ಮನೆಯ ವೇದಾವತಿ ನನ್ನನ್ನು ಮಿಲಿಟರಿ ಆಸ್ಪತ್ರೆಗೆ ಸೇರಿಸಿದಳು. ನಾನು ಕಣ್ಣುಬಿಟ್ಟಾಗ ಮಧ್ಯಾಹ್ನ, ಇವರು ಮಂಚದ ಪಕ್ಕ ನಿಂತಿದ್ದರು. ಮಗು ಉಳಿದಿದೆ ಎಂದರು. ನಾನು ಆದರೂ ಅಳುತ್ತಲೇ ಇದ್ದೆ, ನನ್ನಿಂದ ಇವರ ಸೀಟು ಹೋಯಿತಲ್ಲ ಎಂದು.

"ಅಳಬೇಡ ಕಣೆ," ಎಂದರು. "ನಾನು ಹೋಗಿ ಬಂದಾಯ್ತು. ಇಳಿದ್ಮೇಲೇ ನಂಗೆ ವಿಷ್ಯ ಗೊತ್ತಾಗಿದ್ದು."

ಬೆಳಿಗ್ಗೆ ಒಂಬತ್ತು ಗಂಟೆಗೆ ಮೇಲೆ ಆಕಾಶ ಕಾಡಿಗೆಯ ಹಾಗೆ ಕಪ್ಪಗಿತ್ತು, ಭೂಮಿಯ ಅಂಚು ಹಂಚಿನ ಅಂಚಿನ ಹಾಗೆ ಬಾಗಿತ್ತು ಎಂದೆಲ್ಲ ಹೇಳಿದರು. ನನಗೆ ಸಮಾಧಾನವಾಯಿತು. ಎಷ್ಟು ಸಮಾಧಾನವಾಯಿತೆಂದರೆ ಮಲಗಿದಲ್ಲಿಂದಲೇ ಇನ್‌ಲ್ಯಾಂಡ್ ಲೆಟರ್ ತರಿಸಿಕೊಂಡು ನಮ್ಮಪ್ಪನಿಗೆ, ಅಣ್ಣನಿಗೆ, ಮೈದುನನಿಗೆ, ಎಲ್ಲರಿಗೂ ಬರೆದೆ. ನಾನು ಆಸ್ಪತ್ರೆಯಿಂದ ಮನೆಗೆ ಬರುವುದರೊಳಗೆ ಸುದ್ದಿ ನನ್ನ ತವರು ಶಿಡ್ಲಘಟ್ಟ ಮುಟ್ಟಿ ಅಲ್ಲಿಂದ ಕೋಲಾರಕ್ಕೂ ಹೋಗಿತ್ತು. ಆಮೇಲೆ ಆ ಮನುಷ್ಯ ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವುದಾದರೂ ಹೇಗೆ?

ಮಗಳು ಸ್ಪಂದನಾ ಹುಟ್ಟಿ ತಿಂಗಳಾದ ಮೇಲೆ ವೇದಾವತಿ ಬಾಯಿತಪ್ಪಿ ಹೇಳಿದಳು. ಇವರು ನನ್ನ ಜೊತೆ ಆಸ್ಪತ್ರೆಯಲ್ಲಿದ್ದ ವಾರದಲ್ಲಿ ಇವರ ಬದಲು ಆ ಸೀಟಿನಲ್ಲಿ ಕೂತು ಮೇಲೆ ಹೋದದ್ದು ಅವಳ ಗಂಡ ವೆಂಕಟೇಶಮೂರ್ತಿಯಂತೆ. ನಾನು ತೊಟ್ಟಿಲು ತೂಗುತ್ತಾ "ಹೌದಾ" ಎಂದು ಸುಮ್ಮನಾದೆ. ಇವರ ಹತ್ತಿರ ಉಸಿರೆತ್ತಲಿಲ್ಲ. ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆಯನ್ನು ನಾನೇ ಒಡೆದರೆ ಅವರ ಮುಖ ಎಷ್ಟು ಸಣ್ಣದಾಗಬೇಡ?

2020ರ ಫೆಬ್ರವರಿಯಲ್ಲಿ ಸ್ಪಂದನಾ ಮತ್ತು ಅಳಿಯ ಲೋಹಿತ್ ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ ಮನೆ ಕೊಂಡರು. ಗೃಹಪ್ರವೇಶಕ್ಕೆಂದು ಎರಡು ತಿಂಗಳ ಮಟ್ಟಿಗೆ ಬಂದೆವು. ಮಾರ್ಚ್‌ನಲ್ಲಿ ಎಲ್ಲ ಮುಚ್ಚಿತು, ಏಪ್ರಿಲ್‌ನ ವಾಪಸ್ ಟಿಕೆಟ್ ರದ್ದಾಯಿತು. ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಗೆ ಕಾಲಿಡಬಾರದು ಎಂದು ಇಲ್ಲಿನ ಸರ್ಕಾರ ಹೇಳಿತು. ಅದಕ್ಕೆ ಸರ್ಕಾರದವರಿಟ್ಟ ಹೆಸರು ಕೊಕೂನಿಂಗ್, ಅಂದರೆ ರೇಷ್ಮೆಗೂಡಿನೊಳಗೆ ಹುಳು ಕೂತ ಹಾಗೆ ಕೂರುವುದು. ನಾನು ಶಿಡ್ಲಘಟ್ಟದವಳು. ಗೂಡಿನೊಳಗಿನ ಹುಳುವಿಗೆ ಕೊನೆಗೆ ಏನು ಮಾಡುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಜಮಾನರಿಗೆ ಎಪ್ಪತ್ತೊಂದಾಗಿತ್ತು.

ಮಗಳು ಅಳಿಯ ಮಹಡಿಯ ಎರಡು ರೂಮುಗಳಲ್ಲಿ ಬಾಗಿಲು ಹಾಕಿಕೊಂಡು ಇಡೀ ದಿನ ಮೀಟಿಂಗ್ ಮಾಡುತ್ತಿದ್ದರು. ಇವರು ಕೆಳಗೆ ಹಿತ್ತಲ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಾಲ್ಡಾನೆಲ್ ಏರೋಡ್ರೋಮ್ ಪಕ್ಕದಲ್ಲೇ ಇರುವುದರಿಂದ ಎರಡು ಸೀಟಿನ ಚಿಕ್ಕ ತರಬೇತಿ ವಿಮಾನಗಳು ಆಗಾಗ ಮನೆಯ ಮೇಲೇ ಹೋಗುತ್ತಿದ್ದವು. ಮೊದಮೊದಲು ಶಬ್ದ ಕೇಳಿದರೆ ಸಾಕು, ಎದ್ದು ಹೊರಗೆ ಓಡುತ್ತಿದ್ದರು. ಬರಬರುತ್ತಾ ಏಳುವುದು ಬಿಟ್ಟರು. ಗಡ್ಡ ತೆಗೆಯುವುದು ಬಿಟ್ಟರು. ಮುದ್ದೆ, ಬಸ್ಸಾರು ಮಾಡಿಟ್ಟರೂ ಎರಡು ತುತ್ತಿಗೆ ಸಾಕೆಂದರು. ಇಸ್ತ್ರಿ ಇಲ್ಲದ ಅಂಗಿಯನ್ನು ಜನ್ಮದಲ್ಲಿ ಹಾಕದವರು ಮೂರು ದಿನ ಒಂದೇ ಬನಿಯನ್ನಿನಲ್ಲಿ ಇರತೊಡಗಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹಿತ್ತಲ ಗೋಡೆಯ ಆಚೆ ಡೆಸ್ ಎನ್ನುವ ಒಬ್ಬ ಒಂಟಿ ಮುದುಕ. ಮೊಣಕೈ ಹರಿದ ಸ್ವೆಟರ್ ಹಾಕಿಕೊಂಡು ದಿನಾ ಗಿಡ ಕತ್ತರಿಸುತ್ತಿದ್ದ. ಯಾವುದೋ ಪಾರ್ಕಿನ ಮಾಲಿಯಾಗಿದ್ದವನು ಎಂದುಕೊಂಡಿದ್ದೆ. ಮೇ ತಿಂಗಳ ಮೊದಲ ವಾರ, ಬಟ್ಟೆ ಒಣಗಿಸುತ್ತಾ, ನನ್ನ ಬರೇಲಿ ಇಂಗ್ಲಿಷಿನಲ್ಲಿ ಅವನಿಗೆ ನಮ್ಮ ಯಜಮಾನರ ಪ್ರತಾಪವನ್ನೆಲ್ಲ ಹೇಳಿದೆ. ಮಾಲಿಯ ಮುಂದೆ ಹೊಗಳಿದರೆ ಯಾರ ಗಂಟು ಹೋಗುತ್ತದೆ? ಅವನಾದರೂ ಬಂದು ನಾಲ್ಕು ಮಾತು ಕೇಳಲಿ, ಇವರು ಕುರ್ಚಿ ಬಿಟ್ಟು ಏಳಲಿ ಎಂಬುದಷ್ಟೇ ನನ್ನ ಆಸೆ. ಆದರೆ ಮಿಗ್ ಎಂದ ತಕ್ಷಣ ಅವನ ಕತ್ತರಿ ನಿಂತುಬಿಟ್ಟಿತು. ಎರಡು ಸೀಟಿನದೋ ಒಂದು ಸೀಟಿನದೋ ಎಂದು ಕೇಳಿದ. ಮೂವತ್ತು ವರ್ಷ ಅದೇ ಬಾಲ್ಡಾನೆಲ್‌ನಲ್ಲಿ ವಿಮಾನದ ಮೆಕ್ಯಾನಿಕ್ ಆಗಿದ್ದವರಂತೆ ಆ ಪುಣ್ಯಾತ್ಮ!

ಮುಂದಿನ ಎರಡು ವಾರ ನಮ್ಮ ಮನೆಗೆ ಹಬ್ಬ. ಹನ್ನೊಂದು ಗಂಟೆಗೆ ಗೋಡೆಯ ಈಚೆ ಇವರು, ಆಚೆ ಡೆಸ್, ಇಬ್ಬರ ಕೈಯಲ್ಲೂ ಒಂದೊಂದು ಲೋಟ ಚಹಾ, ನಡುವೆ ಸರ್ಕಾರ ಹೇಳಿದ ಎರಡು ಮೀಟರ್. ಯಾವ ಸ್ಕ್ರೂ ಯಾವ ಚಳಿಯಲ್ಲಿ ಕಚ್ಚಿಕೊಳ್ಳುತ್ತದೆ ಎನ್ನುವುದರ ಮೇಲೆ ಒಂದು ಗಂಟೆ ಮಾತಾಡಬಲ್ಲವರು ಈ ಪ್ರಪಂಚದಲ್ಲಿ ಇನ್ನೊಬ್ಬರಿದ್ದಾರೆ ಎಂದು ಇವರಿಗೆ ಗೊತ್ತಾಯಿತು. ಗಡ್ಡ ಹೋಯಿತು, ಇಸ್ತ್ರಿ ಬಂತು. "ಸಾರು ಗ್ರ್ಯಾಂಡ್ ಆಗೈತೆ ಕಣೆ" ಎಂದು ಡೆಸ್‌ನ 'ಗ್ರ್ಯಾಂಡ್' ಎನ್ನುವ ಮಾತನ್ನು ಊಟದ ತಟ್ಟೆಯ ಮುಂದೂ ಆಡತೊಡಗಿದರು. ಆದರೆ ಹಾರಾಟದ ಮಾತು ಬಂದಾಗ ಮಾತ್ರ ಜಾರಿಕೊಳ್ಳುತ್ತಿದ್ದರು. ಅದನ್ನು ನಾನೊಬ್ಬಳೇ ಗಮನಿಸಿದ್ದು.

ಆಮೇಲೆ ಒಂದು ದಿನ ಒಳಗೆ ಬಂದವರ ಮುಖ ಬಿಳಿಚಿಕೊಂಡಿತ್ತು. ಡೆಸ್‌ನ ಹಳೆಯ ಮೆಕ್ಯಾನಿಕ್ ಗೆಳೆಯರು ಹದಿನಾರು ಜನ ಗುರುವಾರ ಗುರುವಾರ ಝೂಮ್‌ನಲ್ಲಿ ಸೇರುತ್ತಾರಂತೆ. ಮುಂದಿನ ಗುರುವಾರ ಸಂಜೆ ನಾಲ್ಕಕ್ಕೆ ಇವರ ಭಾಷಣ. ವಿಷಯ, ಎರಡು ಸೀಟಿನ ಮಿಗ್-25, ಮತ್ತು ಅದರಲ್ಲಿ ಇವರ ಪಯಣ. ಡೆಸ್ ಎಲ್ಲರಿಗೂ ಹೇಳಿಯಾಗಿತ್ತು.

ಇವರಿಗೊಂದು ನೇಮವಿದೆ. ಕಣ್ಣಾರೆ ನೋಡದ, ಕೈಯಾರೆ ಮಾಡದ ಕೆಲಸಕ್ಕೆ ಸಹಿ ಹಾಕುವುದಿಲ್ಲ. ವಿಮಾನದ ಪುಸ್ತಕದಲ್ಲಿ ತಿಮ್ಮಯ್ಯನ ಸಹಿ ಕಂಡರೆ ಪೈಲಟ್ ಎರಡನೇ ಮಾತು ಕೇಳದೆ ಹತ್ತಿ ಕೂರುತ್ತಿದ್ದ. ನೆಂಟರ ಮದುವೆ ಮನೆಯಲ್ಲಿ ಕಥೆ ಹೇಳುವುದು ಬೇರೆ. ತನ್ನದೇ ಕಸುಬಿನ ಹದಿನಾರು ಜನರ ಮುಂದೆ ಹೋಗದ ಜಾಗಕ್ಕೆ ಹೋದೆ ಎನ್ನುವುದು ಇವರ ಮಟ್ಟಿಗೆ ಸುಳ್ಳು ಸಹಿ. ನಿಜ ಹೇಳೋಣವೆಂದರೆ ಕಂಪ್ಯೂಟರ್ ನೋಡಿಕೊಳ್ಳಲು ಪಕ್ಕದಲ್ಲಿ ಕೂರುವವಳು ಮಗಳು, ಎದುರಿಗೆ ಹೆಂಡತಿ. ಇಬ್ಬರಿಗೂ ಹೇಳಿಕೊಂಡು ಬಂದದ್ದೆಲ್ಲ ಸುಳ್ಳಾಗುತ್ತದೆ. ನನಗೆ ಮೊದಲೇ ಗೊತ್ತು ಎಂಬುದು ಅವರಿಗೆ ಗೊತ್ತಿಲ್ಲವಲ್ಲ. ಅವರನ್ನು ಈ ಇಕ್ಕಟ್ಟಿಗೆ ಸಿಕ್ಕಿಸಿದ್ದು ನನ್ನ ಬಾಯಿ. ಆ ಬಾಯಿ ಬಿಟ್ಟರಷ್ಟೇ ಬಿಡಿಸಲು ಸಾಧ್ಯ, ಆದರೆ ಬಿಟ್ಟರೆ ಇಷ್ಟು ವರ್ಷ ನಾಟಕ ಮಾಡಿದವಳು ನಾನಾಗುತ್ತೇನೆ.

ಬುಧವಾರ ತಪ್ಪಿಸಿಕೊಳ್ಳಲು ಒಂದು ಪ್ರಯತ್ನ ಮಾಡಿದರು. "ಯಾಕೋ ಗಂಟ್ಲು ಕೆರೀತೈತೆ" ಎಂದರು. ಆ ದಿನಗಳಲ್ಲಿ ಆಡಬಾರದ ಮಾತು ಅದೊಂದೇ. ಸ್ಪಂದನಾ ಮೀಟಿಂಗ್ ಬಿಟ್ಟು ಮಹಡಿಯಿಂದ ಧಡಧಡನೆ ಇಳಿದು ಬಂದಳು, ಕೈಯಲ್ಲಿ ಥರ್ಮಾಮೀಟರ್. "ಅಪ್ಪ, ಜ್ವರ ಇದೆಯಾ? ವಾಸನೆ ಗೊತ್ತಾಗ್ತಿದೆಯಾ? ಈಗ್ಲೇ ಡಾಕ್ಟ್ರಿಗೆ ಫೋನ್ ಮಾಡ್ತೀನಿ, ಟೆಸ್ಟ್‌ಗೆ ಹಾಕ್ತಾರೆ, ಮೂಗೊಳಗೆ ಕಡ್ಡಿ." ಇವರ ಗಂಟಲು ಅರ್ಧ ನಿಮಿಷದಲ್ಲಿ ವಾಸಿಯಾಯಿತು. ಆದರೂ ಅವಳು ಎರಡು ಲೋಟ ಶುಂಠಿ ಕಷಾಯ ಕುಡಿಸಿಯೇ ಮೇಲೆ ಹೋದಳು.

ಗುರುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದರು. ಕಾಫಿ ಆರುತ್ತಿತ್ತು. ಆ ಮುಖ ನೋಡಲಾಗಲಿಲ್ಲ ನನಗೆ.

"ರೀ," ಎಂದೆ. "ನೀವು ಆವತ್ತು ಮೇಲೆ ಹೋಗ್ಲಿಲ್ಲ ಅಂತ ನಂಗೊತ್ತು. ವೇದಾವತಿ ಹೇಳಿದ್ಲು. ಆಗ ಸ್ಪಂದನಾಗೆ ಒಂದು ತಿಂಗ್ಳು."

ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

"ಮತ್ತೆ ನಿಮ್ಮಣ್ಣನ ಅರವತ್ತರ ಶಾಂತೀಲಿ ಮೈಕ್ ಕೊಟ್ಟು ಹೇಳಿಸ್ದೆಯಲ್ಲೇ?"

"ಹೇಳಿಸ್ದೆ."

"ನಾನು ಕಪ್ಪು ಆಕಾಶ ಅಂದ್ರೆ, ಪಕ್ಕದಲ್ಲಿ ನಿಂತು ಕಾಡಿಗೆ ಕಪ್ಪು ಅಂತ ಸೇರಿಸ್ತಿದ್ದೋಳು ನೀನು!"

"ನೀವು ಮರೀತಿದ್ರಿ, ಅದಕ್ಕೆ."

"ಒಳಗೊಳಗೇ ನಗ್ತಿದ್ದೆ ಅನ್ನು. ಮೂವತ್ಮೂರು ವರ್ಷ."

ಇವರಿಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ, ಆಗಿತ್ತು. ನನಗೂ ಸಿಟ್ಟು ಬಂತು. ನಾನು ಯಾವತ್ತೂ ನಕ್ಕಿರಲಿಲ್ಲ.

"ನೀವು ಆ ಕಥೆ ಹೇಳಿದಾಗೆಲ್ಲ ನಂಗೆ ಕೇಳಿಸ್ತಿದ್ದಿದ್ದೇ ಬೇರೆ ರೀ," ಎಂದೆ. "ಈ ಮನುಷ್ಯ ನನಗೋಸ್ಕರ ಅಷ್ಟು ದೊಡ್ಡದು ಬಿಟ್ಟು ಬಂದ್ರು, ಬಿಟ್ಟಿದ್ದು ನಂಗೆ ಗೊತ್ತಾಗಿ ನೋಯಬಾರ್ದು ಅಂತಾನೂ ನೋಡ್ಕೊಂಡ್ರು. ಅದನ್ನ ಮತ್ತೆ ಮತ್ತೆ ಕೇಳ್ಬೇಕು ಅಂತ ಆಸೆ ನಂಗೆ. ಅದಕ್ಕೇ ಮೈಕ್ ಕೊಡಿ ಅಂತಿದ್ದಿದ್ದು. ನಂಗೇನು ಆಕಾಶದ ಬಣ್ಣ ಕಟ್ಕೊಂಡು?"

ಎದ್ದು ಹಿತ್ತಲಿಗೆ ಹೋಗಿ ಗೋಡೆಗೆ ಬೆನ್ನು ಮಾಡಿ ನಿಂತರು. ಹನ್ನೊಂದು ಗಂಟೆಗೆ ಡೆಸ್ ಕರೆದರೂ ಚಹಾಕ್ಕೆ ಹೋಗಲಿಲ್ಲ. ಊಟಕ್ಕೆ ಕೂತರು, ಉಂಡು ತಮ್ಮ ತಟ್ಟೆ ತಾವೇ ತೊಳೆದಿಟ್ಟರು. ಸಂಜೆ ಏನು ಹೇಳುತ್ತಾರೆಂದು ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ನಾಲ್ಕಕ್ಕೆ ಊಟದ ಮೇಜಿನ ಮೇಲೆ ಕುಕ್ಕರಿನ ಡಬ್ಬಿ, ಅದರ ಮೇಲೆ ಲ್ಯಾಪ್‌ಟಾಪ್. ಇವರು ನೀಲಿ ಅಂಗಿ, ಟೈ ಕಟ್ಟಿದ್ದರು. ಪಕ್ಕದಲ್ಲಿ ಸ್ಪಂದನಾ. ನಾನು ಕ್ಯಾಮೆರಾಕ್ಕೆ ಬೀಳದ ಮೂಲೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತೆ. ಪರದೆಯ ತುಂಬ ಚೌಕ ಚೌಕವಾಗಿ ಮುದುಕರು, ಒಬ್ಬರದು ಬರೀ ಹಣೆ ಕಾಣುತ್ತಿತ್ತು.

ಇಂಗ್ಲಿಷಿನಲ್ಲಿ ಇವರು ಚೆನ್ನಾಗಿ ಮಾತಾಡಿದರು. ಕ್ಯಾಮೆರಾ ಕಿತ್ತು ಸೀಟು ಹಾಕಿದ ಬಗೆ, ಎರಡು ಮುಚ್ಚಳ, ನಡುವಿನ ತಂತಿ ಕೆಟ್ಟರೆ ಇಬ್ಬರೂ ಒಂಟಿಯಾಗುವುದು, ಪೈಲಟ್ ಒಬ್ಬನೇ ಹೋಗುವಾಗ ಖಾಲಿ ಸೀಟಿನ ಬೆಲ್ಟುಗಳು ಅಲುಗದ ಹಾಗೆ ಬಿಗಿದು ಕಟ್ಟುವುದು. ಅರ್ಧ ಗಂಟೆ ಯಾರೂ ಕೆಮ್ಮಲಿಲ್ಲ. ಆಮೇಲೆ ಆ ಹಣೆಯ ಮುದುಕ ಕೇಳಿದ, "ಸರಿ, ನೀವು ಹೋದಾಗ ಮೇಲೆ ಹೇಗಿತ್ತು?"

ನನ್ನ ಕೈಯಲ್ಲಿದ್ದ ಹುರುಳಿಕಾಯಿ ಅಲ್ಲೇ ನಿಂತಿತು. ಇವರು ನನ್ನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಿದರು.

"ನಾನು ಹೋಗಲಿಲ್ಲ," ಎಂದರು. "ಹೋದೆ ಎಂದು ಮೂವತ್ತಮೂರು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಮುಂದೆ ಅದಕ್ಕೆ ಸಹಿ ಹಾಕಲಾರೆ. ಡೆಸ್, ಕ್ಷಮಿಸಬೇಕು."

ಸ್ಪಂದನಾ ತಲೆ ತಿರುಗಿಸಿ ಅಪ್ಪನನ್ನು ನೋಡಿದಳು. ಇವರು ನಿಲ್ಲಿಸಲಿಲ್ಲ. ಏಣಿಯ ಮೇಲಿನ ಮೆಟ್ಟಿಲಿನಲ್ಲಿದ್ದಾಗ ಒಬ್ಬ ಸೈಕಲ್ಲಿನಲ್ಲಿ ಬಂದು ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಎಂದನಂತೆ. ಸತ್ಯಪ್ರಕಾಶ್ ತಮ್ಮ ಜೀಪನ್ನೇ ಕೊಟ್ಟರಂತೆ. ಮೈಮೇಲಿನ ಸೂಟು ಕುತ್ತಿಗೆಯಿಂದ ಕಾಲಿನವರೆಗೆ ದಾರದಿಂದ ಬಿಗಿದದ್ದು, ಬಿಚ್ಚಲು ಗೊತ್ತಿದ್ದ ಇಬ್ಬರು ಬೇಕು, ಅರ್ಧ ಗಂಟೆ ಬೇಕು. ಅಷ್ಟು ಕಾಯಲಾರದೆ ಅದರಲ್ಲೇ ಹೊರಟುಬಂದರಂತೆ. ಆಸ್ಪತ್ರೆಯವರು ಯಾವುದೋ ವಿಮಾನ ಬಿದ್ದಿದೆ, ಪೈಲಟ್ ಗಾಬರಿಯಲ್ಲಿ ನಡೆದೇ ಬಂದಿದ್ದಾನೆ ಎಂದು ತಿಳಿದು ಸ್ಟ್ರೆಚರ್ ತಂದು ಮಲಗಿಸಲು ನೋಡಿದರಂತೆ. ಆ ವೇಷದಲ್ಲಿ ಹೆಂಗಸರ ವಾರ್ಡಿಗೆ ಬಿಡಲಿಲ್ಲ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ, ಸ್ಕ್ವಾಡ್ರನ್ನಿನಿಂದ ಜನ ಬಂದು ಬಿಚ್ಚುವ ತನಕ, ಕಾರಿಡಾರಿನಲ್ಲಿ ಆ ಸೂಟಿನಲ್ಲೇ ನಿಂತಿದ್ದರಂತೆ.

ಮುದುಕರೆಲ್ಲ ಮೊದಲು ನಕ್ಕರು, ಸ್ಟ್ರೆಚರಿನ ಮಾತಿಗೆ. ಕಾರಿಡಾರಿನ ಮಾತಿಗೆ ಡೆಸ್ ಹರಿದ ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಕೊನೆಗೆ ಆ ಹಣೆಯವನು, "ಅದಿರಲಿ, ಮುಳ್ಳು ಯಾಕೆ ನಡುಗುತ್ತಿತ್ತು, ಅದನ್ನು ಹೇಳಿ" ಎಂದ. ಎಲ್ಲರೂ ಹೌದು ಹೌದು ಎಂದರು. ಎಡಕ್ಕೆ ತಿರುಗಿದಾಗ ಮಾತ್ರ ನಡುಗುತ್ತದೆ ಎಂದು ಇವರ ಬದಲು ಹೋಗಿದ್ದ ವೆಂಕಟೇಶಮೂರ್ತಿ ಬರೆದುಕೊಂಡು ಬಂದ ಚೀಟಿಯಿಂದ ಹಿಡಿದು, ಗಾಳಿಯ ಪೈಪಿನ ಯಾವ ಜೋಡಣೆ ಸಡಿಲವಿತ್ತು ಎನ್ನುವವರೆಗೆ ಇವರು ಹೇಳಿದರು. ಅದನ್ನು ಹುಡುಕಿದ್ದು ಇವರ ಕೈ, ಸಹಿಯೂ ಇವರದೇ. ಮುಗಿಯುವಾಗ ಐದೂವರೆ. ಮುಂದಿನ ಗುರುವಾರವೂ ಬರಬೇಕು ಎಂದು ಎಲ್ಲರೂ ಕೈಬೀಸಿದರು.

ಲ್ಯಾಪ್‌ಟಾಪ್ ಮುಚ್ಚಿ ಸ್ಪಂದನಾ ಅಪ್ಪನ ಕಡೆ ತಿರುಗಿದಳು.

"ಅಪ್ಪ, ಏಳನೇ ಕ್ಲಾಸಲ್ಲಿ ನಿಮ್ಮ ಮೇಲೆ ಪ್ರಬಂಧ ಬರ್ದು ಫಸ್ಟ್ ಪ್ರೈಜ್ ತಗೊಂಡಿದ್ದೆ," ಎಂದಳು.

"ವಾಪಸ್ ಕೊಟ್ಬಿಡಮ್ಮ," ಎಂದರು ಇವರು, ತಲೆ ಎತ್ತದೆ.

ಅವಳು ನಗಲು ಹೋಗಿ ಅತ್ತಳು. ಅಪ್ಪನ ಹೆಗಲ ಮೇಲೆ ತಲೆಯಿಟ್ಟು, "ಈಗಿಂದೇ ಬರೆದಿದ್ರೂ ಫಸ್ಟೇ ಬರ್ತಿತ್ತು ಬಿಡಿ" ಎಂದು ಮೂಗು ಒರೆಸಿಕೊಂಡು ಮೇಲೆ ಹೋದಳು.

ನಾನು ಮೂಲೆಯಿಂದ ಎದ್ದು ಬಂದೆ. ನನಗೆ ಸಿಟ್ಟು, ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಎಲ್ಲ ಗೊತ್ತಿದೆ ಎಂದು ಇಷ್ಟು ವರ್ಷ ಬೀಗಿದವಳು ನಾನು. ಕಾರಿಡಾರಿನ ವಿಷಯ, ನನ್ನನ್ನು ಸೇರಿಸಿದವಳೇ ಮನೆಗೆ ಓಡಿದ್ದ ವೇದಾವತಿಗೂ ಗೊತ್ತಿರಲಿಲ್ಲ.

"ಐದು ಗಂಟೆ ನಿಂತೇ ಇದ್ರಾ?" ಎಂದೆ. "ಅಷ್ಟು ದೊಡ್ಡ ಆಸ್ಪತ್ರೇಲಿ ಒಂದು ಬೆಂಚ್ ಇರ್ಲಿಲ್ವಾ?"

"ಇತ್ತು. ನರ್ಸ್ ಎರಡು ಸಲ ಬಂದು ಕೂತ್ಕೊಳ್ಳಿ ಅಂದ್ಲು."

"ಮತ್ತೇನು ಧಾಡಿ?"

"ಆ ಸೂಟಲ್ಲಿ ಒಂದ್ಸಲ ಕೂತ್ರೆ ಇನ್ನೊಬ್ರು ಹಿಡಿದು ಎತ್ತದೆ ಏಳೋಕಾಗಲ್ಲ ಕಣೆ," ಎಂದು ಟೈ ಸಡಿಲ ಮಾಡಿಕೊಂಡರು. "ನೀನು ಒಳಗಿಂದ ಕರೆದಿದ್ರೆ?"

ಆ ಐದು ಗಂಟೆ ನನಗೆ ಪ್ರಜ್ಞೆಯೇ ಇರಲಿಲ್ಲ. ಅದನ್ನು ಆ ನರ್ಸ್ ಇವರಿಗೆ ಎಂಟು ಗಂಟೆಗೇ ಹೇಳಿದ್ದಳಂತೆ.